ತೀರ್ಪು: ಅಮೋಘ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎರಡು ಅಂಗುಲ ಅಗಲದ ಒಂದು ಖಾಲಿ ಚೌಕ.

ವಿಜಯಪುರದ ದಿನಪತ್ರಿಕೆಯೊಂದರ ಭಾನುವಾರದ ಪುಟದಲ್ಲಿ ‘ಎರಡನೇ ನಂಬರ್’ ಎಂಬ ಅಂಕಣ ಎರಡು ವರ್ಷದಿಂದ ಬರುತ್ತಿತ್ತು. ವಿಡಿಯೊ ಗೇಮ್‌ಗಳ ವಿಮರ್ಶೆ. ಬರೆಯುವವನು ತಿಕೋಟಾದ ಅಮೋಘಸಿದ್ದ. ಅಲ್ಲಿಯ ಕೋಲ್ಡ್ ಸ್ಟೋರೇಜಿನಲ್ಲಿ ಒಣದ್ರಾಕ್ಷಿಯನ್ನು, ಅಲ್ಲಿಯವರ ಬಾಯಲ್ಲಿ ಮಣೂಕವನ್ನು, ನೋಡಿ ಒಂದನೇ ನಂಬರ್, ಎರಡನೇ ನಂಬರ್, ಮೂರನೇ ನಂಬರ್ ಎಂದು ವಿಂಗಡಿಸುವುದು ಅವನ ನೌಕರಿ. ಒಂದನೇ ನಂಬರನ್ನು ಯಾರಾದರೂ ಗುರುತಿಸುತ್ತಾರೆ, ಮೂರನೆಯದನ್ನು ಮೂಸಿದರೇ ಗೊತ್ತಾಗುತ್ತದೆ. ಕಣ್ಣಿಗೆ ಕೆಲಸ ಇರುವುದು ನಡುವಿನ ಮಾಲಿನಲ್ಲಿ ಎಂದು ಅವನು ನಂಬಿದ್ದ. ಆಟಗಳ ವಿಷಯದಲ್ಲೂ ಅಷ್ಟೆ. ಒಳ್ಳೆಯ ಆಟವನ್ನು ಹೊಗಳಲು, ಕೆಟ್ಟದ್ದನ್ನು ಬೈಯಲು ಲೋಕವೇ ಇದೆ. ಸುಮಾರಾದ ಆಟದ ಗತಿಯೇನು?

ಆ ಗತಿ ಕಾಣಿಸಲು ಅವನಿದ್ದ. ಪ್ರತಿ ಆಟವನ್ನೂ ಎರಡು ಸಲ ಮುಗಿಸುತ್ತಿದ್ದ: ಒಮ್ಮೆ ಕೈಯಲ್ಲಿ ಹಿಡಿದು ಆಡುವ ಪುಟ್ಟ ಕನ್ಸೋಲ್‌ನಲ್ಲಿ, ಇನ್ನೊಮ್ಮೆ ಟಿವಿಗೆ ಜೋಡಿಸುವ ದೊಡ್ಡದರಲ್ಲಿ. ತಪ್ಪುಗಳನ್ನು ನಿಮಿಷ, ಸೆಕೆಂಡಿನ ಸಮೇತ ಬರೆದುಕೊಳ್ಳುತ್ತಿದ್ದ. ಕೊನೆಗೆ ‘ತೀರ್ಪು’ ಎಂಬ ಚೌಕದೊಳಗೆ ನೂರಕ್ಕೆ ಇಷ್ಟು ಎಂದು ಅಂಕ. ಎರಡು ವರ್ಷದಲ್ಲಿ ಆ ಅಂಕ ಒಮ್ಮೆಯೂ ನಲವತ್ತು ದಾಟಿದ್ದಿಲ್ಲ.

ಚೌಕದ ಕೆಳಗೆ ಅವನ ಹೆಸರು. ಅಮೋಘಸಿದ್ದ ಎಂಬುದು ಅಂಕಣದ ಅಗಲಕ್ಕೆ ಹಿಡಿಸುವುದಿಲ್ಲವೆಂದು ಪುಟ ಕಟ್ಟುವ ಅರುಣಕುಮಾರ ಅದನ್ನು ‘ಅಮೋಘ’ ಎಂದು ಮೊಟಕು ಮಾಡಿದ್ದ.

ಆ ವಾರದ ಆಟ ‘ಕುರಿದಾರಿ’. ಹೊನವಾಡದ ಮಹಾನಂದಾ ಎಂಬವರು ಮನೆಯಲ್ಲೇ ಕುಳಿತು ತಯಾರಿಸಿ, ಮೆಮರಿ ಕಾರ್ಡಿನಲ್ಲಿ ಹಾಕಿ ಮಾರಾಟಕ್ಕಿಟ್ಟದ್ದು. ಬಿಜ್ಜರಗಿಯಿಂದ ವಿಜಯಪುರದ ಸಂತೆಗೆ ನಲವತ್ತು ಕುರಿ ಹೊಡೆದುಕೊಂಡು ಹೋಗಬೇಕು. ಅಮೋಘಸಿದ್ದ ಬಿಜ್ಜರಗಿಯ ಕುರಿಗಾರರ ಮನೆತನದವನೇ ಆದ್ದರಿಂದ ಇನ್ನೂ ಕಟ್ಟುನಿಟ್ಟಾಗಿ ನೋಡಿದ. ಟಿವಿಯಲ್ಲಿ ಕುರಿಗಳು ಕಾಲು ಮೂಡಿದ ಹೂಕೋಸಿನಂತೆ ಕಾಣುತ್ತವೆ ಎಂದು ಬರೆದ. ನಾಯಿ ಬೊಗಳಿದರೆ ಹಳೆಯ ಬೈಕ್ ಸ್ಟಾರ್ಟ್ ಮಾಡಿದ ಸದ್ದು. ಹತ್ತೊಂಬತ್ತನೆಯ ನಿಮಿಷದಲ್ಲಿ ಒಂದು ಕುರಿ ಹಿಂದೆ ಉಳಿದು ಬೇವಿನ ಗಿಡದ ಕೆಳಗೆ ನಲವತ್ತು ಸೆಕೆಂಡ್ ನಿಂತೇಬಿಡುತ್ತದೆ, ಎಷ್ಟು ಸಿಳ್ಳೆ ಹಾಕಿದರೂ ಕದಲುವುದಿಲ್ಲ, ಆಟಗಾರನಿಗೆ ಸುಮ್ಮನೆ ಕಾಲಹರಣ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ನಲವತ್ತು ಕುರಿ ಹೊರಟರೆ ಸಂತೆಗೆ ನಲವತ್ತೊಂದು ಮುಟ್ಟುತ್ತವೆ. ಎಣಿಕೆಯೇ ಬಾರದ ಆಟ ಎಂದು ಷರಾ ಬರೆದು ಮೂವತ್ತೈದು ಅಂಕ ಕೊಟ್ಟ. ಅಂದರೆ, ಪಾಸು.

ಶನಿವಾರ ಸಂಜೆ ತಡವಾಗಿ ಒಂದು ಜಾಹೀರಾತು ಬಂತು. ಅರುಣಕುಮಾರ ವಿಮರ್ಶೆಯ ಕೊನೆಯ ಆರು ಸಾಲು ಕತ್ತರಿಸಿದ. ಅಂಕವೂ ಅದರೊಂದಿಗೆ ಹೋಯಿತು. ಚೌಕ ಮಾತ್ರ ಹಲ್ಲು ಬಿದ್ದ ಬಾಯಿಯಂತೆ ತೆರೆದುಕೊಂಡು ಉಳಿಯಿತು. ಕೆಳಗಿದ್ದ ಹೆಸರನ್ನು ಅವನು ಮೆಲ್ಲಗೆ ಮೇಲಕ್ಕೆ ನೂಕಿದ.

ತೀರ್ಪು: ಅಮೋಘ.

ಭಾನುವಾರ ಮುಂಜಾನೆ ಚಹಾದ ಅಂಗಡಿಗೆ ಹೋದ ಅಮೋಘಸಿದ್ದನಿಗೆ ಎಲ್ಲರೂ ಜಾಗ ಬಿಟ್ಟುಕೊಟ್ಟರು. ಎರಡು ವರ್ಷದಲ್ಲಿ ಅವನ ಅಂಕಣವನ್ನು ಓದಿದ್ದೇವೆಂದು ಒಬ್ಬರೂ ಹೇಳಿದ್ದಿಲ್ಲ. ಇವತ್ತು ಮೂವರು ಅಭಿನಂದಿಸಿದರು. ಅವನಿಗೆ ಸಂಶಯ ಬಂದು ಪತ್ರಿಕೆ ಎಳೆದುಕೊಂಡು ನೋಡಿದ. ಮೈಯುದ್ದಕ್ಕೂ ತಪ್ಪುಗಳ ಪಟ್ಟಿ, ತುದಿಯಲ್ಲಿ ದಪ್ಪ ಅಕ್ಷರದ ಅಮೋಘ. ಬಾಯಿಗಿಟ್ಟ ಚಹಾ ಮೂಗಿಗೆ ಏರಿತು.

ಓಡುತ್ತ ಮನೆಗೆ ಬಂದರೆ, ಅವನು ಬಾಡಿಗೆಗಿದ್ದ ಮನೆಯ ಒಡತಿ ರಾಚವ್ವ ಕಟ್ಟೆಯ ಮೇಲೆ ಅದೇ ಪುಟ ಹರಡಿಕೊಂಡು ಕುಳಿತಿದ್ದಳು.

“ನಾ ಮಾಡಿದ ಹೋಳಗಿಗೂ ಅಂಚು ದಪ್ಪ ಅಂದಾಂವ ನೀ,” ಎಂದಳು. “ಯಾವುದಕ್ಕೂ ಛಲೋ ಅನ್ನಲಾರದ ಬಾಯಿ, ಇವತ್ತ ಅಮೋಘ ಅಂದೈತಿ. ಮಹಾನಂದಾ ಅನ್ನಾಕಿ ಯಾರ ತಮ್ಮಾ?”

“ಯಾರೋ ಏನೋ ಬೇ. ಅಮೋಘ ಅಂದ್ರ ನಾನು.”

“ನೀ ಅಮೋಘ ಅದಿ, ಯಾರ ಇಲ್ಲ ಅಂದಾರ. ಆಕಿ ಯಾರು ಅಂತ ಕೇಳಾಕತ್ತೇನಿ.”

ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಪರಮೇಶ್ವರ. ಸೋಮವಾರ ಮುಂಜಾನೆ ಬಬಲೇಶ್ವರದ ಅಣ್ಣತಮ್ಮಂದಿರಿಬ್ಬರು ತಮ್ಮ ಒಣದ್ರಾಕ್ಷಿ ಪಾಲು ಮಾಡಿಕೊಳ್ಳಲು ಬರುವವರಿದ್ದರು. ಒಬ್ಬರ ಮುಖ ಒಬ್ಬರು ನೋಡದ ಆ ಇಬ್ಬರು ಒಪ್ಪಿದ್ದು ಒಂದೇ ಮಾತಿಗೆ: ನಂಬರ್ ಹಾಕುವವನು ಅಮೋಘಸಿದ್ದ ಆಗಿರಬೇಕು, ಅವನ ಬಾಯಿಂದ ಸುಳ್ಳು ಹೊಗಳಿಕೆ ಬರುವುದಿಲ್ಲ. ಈಗ ಅವರಿಬ್ಬರೂ ಪತ್ರಿಕೆ ನೋಡಿದ್ದರು.

“ಹತ್ತು ತಪ್ಪು ಎಣಿಸಿ ಕಡೀಕ ಅಮೋಘ ಅಂತ ಬರದೀಯಂತ,” ಎಂದ ಪರಮೇಶ್ವರ. “ಯಾರೋ ಇಂವ್ನ ಬಾಯಿ ಸಿಹಿ ಮಾಡ್ಯಾರ, ನಾಳೆ ನಮ್ಮ ಮಣೂಕಕ್ಕೂ ಹಿಂಗ ಮಾಡ್ತಾನ ಅನ್ನಾಕತ್ತಾರ. ನಾಳಿನ ಪೇಪರ್‌ನಾಗ ತಿದ್ದುಪಡಿ ಕಾಣ್ಲಿಲ್ಲಂದ್ರ ಹೊರಗಿನವ್ನ ಕರಸ್ತೀನಿ ನೋಡಪಾ. ನಾ ಏನೂ ಮಾಡಾಕ ಬರೂದಿಲ್ಲ.”

ಹೊರಗಿನವನು ಒಮ್ಮೆ ಬಂದನೆಂದರೆ ಆಮೇಲೆ ತಿಕೋಟಾದಲ್ಲಿ ತನ್ನ ಮಾತಿಗೆ ಮೂರನೇ ನಂಬರಿನ ಬೆಲೆಯೂ ಉಳಿಯುವುದಿಲ್ಲ ಎಂದು ಅಮೋಘಸಿದ್ದನಿಗೆ ಗೊತ್ತಿತ್ತು. ಸಿಕ್ಕ ಬಸ್ಸಿಗೆ ಜೋತುಬಿದ್ದು ವಿಜಯಪುರಕ್ಕೆ ಹೊರಟ.

ಪತ್ರಿಕೆಯ ಕಚೇರಿ ತೆರೆಯುವುದು ಮಧ್ಯಾಹ್ನ. ಅಲ್ಲಿಯವರೆಗೆ ಕಾಯಲಾಗದೆ, ಗಾಂಧಿಚೌಕದ ಹತ್ತಿರ ‘ಕುರಿದಾರಿ’ ಮಾರುತ್ತಿದ್ದ ಜಿಲಾನಿಯ ಅಂಗಡಿಗೆ ಹೋದ. ಅಂಗಡಿಯ ಮುಂದೆ ಮದುವೆ ಮನೆಯಷ್ಟು ಜನ. ತಲೆಯ ಮೇಲೆ ಎಂಟು ಅಡಿಯ ಬ್ಯಾನರ್. ಅದರಲ್ಲಿ ಪತ್ರಿಕೆಯ ಆ ಚೌಕವನ್ನು ಮಾತ್ರ ಹಿಗ್ಗಿಸಿ ಮುದ್ರಿಸಿದ್ದರು; ‘ಅಮೋಘ’ದ ಒಂದೊಂದು ಅಕ್ಷರವೂ ಎಮ್ಮೆಯ ಗಾತ್ರಕ್ಕಿತ್ತು. ಸಾರವಾಡದವರೊಬ್ಬರು ಟ್ರ್ಯಾಕ್ಟರ್ ನಿಲ್ಲಿಸಿ, ಮನೆಗೊಂದು ಬೀಗರಿಗೊಂದು ಎಂದು ಎರಡು ಕಾರ್ಡ್ ಕಟ್ಟಿಸಿಕೊಳ್ಳುತ್ತಿದ್ದರು.

“ಬರ್ರಿ ಸರ, ಬರ್ರಿ,” ಎಂದು ಜಿಲಾನಿ ಕುರ್ಚಿ ಒರೆಸಿದ. “ಒಂದ ವಾರದಾಗ ಎರಡ ಕಾರ್ಡ್ ಹೋಗಿದ್ದಿಲ್ಲ. ನಿಮ್ಮ ಒಂದ ಮಾತಿಗೆ ಇವತ್ತ ಎಲ್ಲಾ ಖಾಲಿ.”

“ಅದು ನನ್ನ ಮಾತಲ್ಲೋ, ನನ್ನ ಹೆಸರು. ಬ್ಯಾನರ್ ತಗಿ.”

ದೊಡ್ಡವರು ಹೀಗೆಯೇ ಸಂಕೋಚಪಡುತ್ತಾರೆ ಎಂದು ಜಿಲಾನಿ ನೆರೆದವರಿಗೆ ತಿಳಿಸಿಹೇಳಿದ. ಅಮೋಘಸಿದ್ದ ತಾನೇ ಸ್ಟೂಲ್ ಏರಿ ಬ್ಯಾನರಿನ ಗಂಟು ಬಿಚ್ಚತೊಡಗಿದ. ಒಂದು ಗಂಟು ಬಿಚ್ಚಿತು, ಇನ್ನೊಂದು ಬಿಚ್ಚುವ ಮೊದಲೇ ಸ್ಟೂಲಿನ ಕಾಲು ಜಾರಿತು. ಹಗ್ಗ ಹಿಡಿದು ಜೋತಾಡುತ್ತಿದ್ದವನ ಮೈಗೆ ಬ್ಯಾನರ್ ಶಾಲಿನಂತೆ ಸುತ್ತಿಕೊಂಡಿತು. ಹತ್ತು ಮೊಬೈಲುಗಳು ಏಕಕಾಲಕ್ಕೆ ಮೇಲೆದ್ದವು. ಅವನು ನೆಲಕ್ಕಿಳಿಯುವ ಮೊದಲೇ, ವಿಮರ್ಶಕರೇ ಬಂದು ಬ್ಯಾನರ್ ಕಟ್ಟುತ್ತಿರುವ ಭಾವಚಿತ್ರ ಬಬಲೇಶ್ವರ ತಲುಪಿ, ಅಲ್ಲಿಂದ ಪರಮೇಶ್ವರನ ಮೊಬೈಲಿಗೂ ಬಂದಿತ್ತು. ಪರಮೇಶ್ವರ ಅದನ್ನು ಒಂದು ಮಾತೂ ಸೇರಿಸದೆ ಅಮೋಘಸಿದ್ದನಿಗೇ ಕಳಿಸಿದ್ದ.

ಮಧ್ಯಾಹ್ನ ಕಚೇರಿಯಲ್ಲಿ ಅರುಣಕುಮಾರ ಎಲ್ಲವನ್ನೂ ಸಮಾಧಾನದಿಂದ ಕೇಳಿದ.

“ತಪ್ಪು ನಂದ ಖರೆ,” ಎಂದ. “ಆದ್ರ ನಿಮ್ಮ ಹೆಸರು ಸುಮಾರಪ್ಪ ಅಂತ ಇದ್ದಿದ್ರ ಇದು ಯಾರ ಕಣ್ಣಿಗೂ ಬೀಳ್ತಿದ್ದಿಲ್ಲರಿ.”

ಸೋಮವಾರದ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಜಾಗ ಕೊಡಲು ಒಪ್ಪಿದ. ‘ಅಮೋಘ’ ವಿಮರ್ಶಕರ ಹೆಸರು, ಆಟದ ಅಂಕ 35 ಎಂದು ಎರಡೇ ಸಾಲಿನಲ್ಲಿ ಕೆಲಸ ಮುಗಿಯುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಸಿಟ್ಟಿನಲ್ಲಿದ್ದ ಅಮೋಘಸಿದ್ದ ಉಳಿದೆರಡು ಸಾಲನ್ನು ವ್ಯರ್ಥ ಮಾಡಲಿಲ್ಲ. ‘ನಲವತ್ತು ಕುರಿ ಹೋಗಿ ನಲವತ್ತೊಂದು ಮುಟ್ಟುವಂಥ ತಪ್ಪನ್ನು ಎಣಿಕೆ ಬಲ್ಲ ಯಾರೂ ಮಾಡಲಾರರು’ ಎಂದು ಸೇರಿಸಿ, ಎರಡು ಸಲ ಓದಿ, ತೃಪ್ತಿಯಿಂದ ಸಹಿ ಹಾಕಿದ.

ಸಂಜೆ ತಿಕೋಟಾದಲ್ಲಿ ಬಸ್ಸಿಳಿದು ಮನೆಗೆ ಬಂದರೆ ರಾಚವ್ವ ಬಾಗಿಲಲ್ಲೇ ಸೊಟ್ಟ ಮುಖ ಮಾಡಿಕೊಂಡು ನಿಂತಿದ್ದಳು. ವಿಮರ್ಶೆಯ ಜೊತೆ ಅಚ್ಚಾಗಿದ್ದ, ಆಟ ತಯಾರಿಸಿದವರ ನಂಬರಿಗೆ ಆಕೆ ಬೆಳಿಗ್ಗೆಯೇ ಫೋನ್ ಮಾಡಿ, ನಮ್ಮ ಹುಡುಗ ಬಂಗಾರದಂಥವನು, ಒಮ್ಮೆ ಬಂದು ಮನೆ ನೋಡಿಕೊಂಡು ಹೋಗಿರೆಂದು ಮಹಾನಂದಾಳನ್ನು ಆಮಂತ್ರಿಸಿಬಿಟ್ಟಿದ್ದಳು. ಹೊನವಾಡದ ಬಸ್ಸಿಗೆ ಕನ್ಯೆ ಬಂದೂ ಬಿಟ್ಟಿತ್ತು.

“ಫೋನ್‌ನಾಗ ದನಿ ಸಣ್ಣ ಇತ್ತು,” ಎಂದು ರಾಚವ್ವ ಪಿಸುಗುಟ್ಟಿದಳು. “ನನಗೇನ ಗೊತ್ತು?”

ಒಳಗೆ ಹಾಸಿಗೆಯ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದರು. ದಪ್ಪ ಕನ್ನಡಕ. ತೊಡೆಯ ಮೇಲೆ ಭಾನುವಾರದ ಪುಟ. ಕೈಯಲ್ಲಿ ಕೆಂಪು ಪೆನ್ನು. ಆ ಪೆನ್ನು ಹಿಡಿದ ರೀತಿ ನೋಡಿಯೇ ಅಮೋಘಸಿದ್ದ ಹೊಸ್ತಿಲಲ್ಲೇ ಕೈಕಟ್ಟಿ ನಿಂತ. ಹೈಸ್ಕೂಲಿನಲ್ಲಿ ಅವನಿಗೆ ಗಣಿತ ಕಲಿಸಿದ ಅಕ್ಕೋರು. ಸಾಲೆಯಲ್ಲಿ ಎಲ್ಲರೂ ಅಕ್ಕೋರು ಎನ್ನುತ್ತಿದ್ದರೇ ಹೊರತು ಅವರಿಗೊಂದು ಹೆಸರಿರಬಹುದೆಂದು ಯಾರೂ ವಿಚಾರ ಮಾಡಿದ್ದಿಲ್ಲ.

“ಬಾರಪಾ ಅಮೋಘ,” ಎಂದರು ಅಕ್ಕೋರು. “ರಿಟೈರ್ ಆದಮ್ಯಾಲ ಕಂಪ್ಯೂಟರ್ ಕಲ್ತು ಇದೊಂದ ಮಾಡೇನಿ. ಹೂಕೋಸು ಅಂದಿ, ಒಪ್ಪಿದೆ. ನಾಯಿದೂ ಖರೆ. ಬೊಗಳೂದು ರೆಕಾರ್ಡ್ ಮಾಡೂ ಮುಂದ ನಮ್ಮ ಮಗ ಬೈಕ್ ಚಾಲೂ ಮಾಡಿದ. ಇಲ್ಲಿಗಂಟ ನಿನಗ ಪೂರ್ತಿ ಅಂಕ ಕೊಟ್ಟೇನಿ. ಮುಂದ ನೀ ಬಿದ್ದಿ.”

ಮೂಲೆಯಲ್ಲಿ ರಾಚವ್ವನ ಗಂಡ ಯಲಗೂರಪ್ಪ ಅಮೋಘಸಿದ್ದನ ಕನ್ಸೋಲನ್ನು ಮೂಗಿಗೆ ಹತ್ತಿರ ಹಿಡಿದು ಕೂತಿದ್ದ. ನಲವತ್ತು ವರ್ಷ ಕುರಿ ಕಾಯ್ದ ಮುದುಕ. ಅಕ್ಕೋರು ಮಧ್ಯಾಹ್ನದಿಂದ ಅವನಿಗೆ ಆಟ ಕಲಿಸಿದ್ದರು.

“ಗಿಡದ ಬುಡಕ ಆ ಕುರಿ ಯಾಕ ನಿಂತೈತಿ, ಹೇಳ್ರಿ ಯಪ್ಪಾ ಇಂವ್ಗ,” ಎಂದರು ಅಕ್ಕೋರು.

ಯಲಗೂರಪ್ಪ ತಲೆಯೆತ್ತಲಿಲ್ಲ. “ಗಬ್ಬ ಐತಿ. ಈಯಾಕತ್ತೈತಿ. ಸಿಳ್ಳಿ ಹಾಕಿದ್ರ ಹೆಂಗ ಬರತೈತಿ ಅದು?”

ಅಮೋಘಸಿದ್ದ ಬೆರಳು ಮಡಚಿ ಎಣಿಸಿದ. ನಲವತ್ತು ಹೊರಟವು. ದಾರಿಯಲ್ಲಿ ಒಂದು ಮರಿ. ನಲವತ್ತೊಂದು ಮುಟ್ಟಿದವು. ಅಮೋಘಸಿದ್ದನ ಅಜ್ಜ ಇಂಥ ಮರಿಗಳನ್ನು ಕಂಬಳಿಯಲ್ಲಿ ಹೊತ್ತು ತಂದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಸೆಕೆಂಡು ಎಣಿಸುವ ಗಡಿಬಿಡಿಯಲ್ಲಿ ಕುರಿಯನ್ನು ನೋಡಿರಲಿಲ್ಲ.

ಅಕ್ಕೋರು ಪುಟವನ್ನು ಅವನ ಕೈಗಿತ್ತರು. ಅಂಕಣದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ 34 ಎಂದಿತ್ತು. ಸುತ್ತ ಒಂದು ಸೊನ್ನೆ.

“ಒಂದ ಅಂಕದಾಗ ಬಿದ್ದೀನಿ ಅಕ್ಕೋರ.”

“ಬಿದ್ರ ಏನಾತು? ಇಷ್ಟ ಜನಾ ತಗೊಂಡಾರ, ಆ ಗಿಡದ ತನಕ ಹೋದಾಂವ ನೀ ಒಬ್ಬನ. ಎರಡನೇ ಆಟ ಅರ್ಧ ಮಾಡೇನಿ. ಅಂಗಡಿಗೆ ಕೊಡೂಕಿಂತ ಮೊದಲ ನೀನ ನೋಡಬೇಕು. ಅದ ನಿನ್ನ ಮರುಪರೀಕ್ಷೆ.”

ಎರಡು ವರ್ಷದಲ್ಲಿ ಅವನ ಬರಹವನ್ನು ಮೊದಲಿಂದ ಕೊನೆಯವರೆಗೆ ಓದಿದ ಮೊದಲ ವ್ಯಕ್ತಿ ಎದುರಿಗೆ ಕುಳಿತಿದ್ದರು. ನಪಾಸಾದವನ ಮುಖದಲ್ಲಿ ನಗು ಬಂತು. ಮರುಕ್ಷಣ ತಿದ್ದುಪಡಿಯ ಆ ಎರಡು ಸಾಲು ನೆನಪಾಗಿ ನಗು ಹಾರಿಹೋಯಿತು. ಅರುಣಕುಮಾರನಿಗೆ ಫೋನ್ ಹಚ್ಚಿದ. ಅತ್ತ ಕಡೆ ಗದ್ದಲವೋ ಗದ್ದಲ.

“ಕುರಿ ಲೆಕ್ಕ ತಗೀರಿ. ನಾ ಬರದದ್ದ ತಪ್ಪು. ನಲವತ್ತೊಂದು ಸರಿ,” ಎಂದು ಕೂಗಿದ.

“ನೀವ ಬರದದ್ದ ತಪ್ಪು, ನಲವತ್ತೊಂದು ಸರಿ. ಆತ್ರಿ, ಮಾಡ್ತೀನಿ,” ಎಂದು ಅರುಣಕುಮಾರ ಫೋನಿಟ್ಟ.

ಅದನ್ನು ಕೆಳಗಿಡುವ ಮೊದಲೇ ಪರಮೇಶ್ವರನದು ಬಂತು. ಬ್ಯಾನರಿನ ಚಿತ್ರ ನೋಡಿದ ಮೇಲೆ ಅಣ್ಣತಮ್ಮಂದಿರು ಹುಟ್ಟಿದಾಗಿನಿಂದ ಮೊದಲ ಸಲ ಒಂದಾಗಿ, ಅಮೋಘಸಿದ್ದ ಬೇಡವೇ ಬೇಡ ಎಂದಿದ್ದರಂತೆ. ಅಮೋಘಸಿದ್ದ ತಡವರಿಸುವುದನ್ನು ನೋಡಿ ಅಕ್ಕೋರು ಕೈ ಚಾಚಿ ಫೋನ್ ಇಸಿದುಕೊಂಡರು.

“ಯಾರು, ಪರಮೇಶ್ವರ ಏನೋ? ಹದಿನೇಳರ ಮಗ್ಗಿ ಈಗರ ಬರತೈತೇನು?”

ಅತ್ತ ಕುರ್ಚಿ ಹಿಂದಕ್ಕೆ ಸರಿದ ಸದ್ದು ಇತ್ತ ಎಲ್ಲರಿಗೂ ಕೇಳಿಸಿತು. ಪರಮೇಶ್ವರ ಎದ್ದು ನಿಂತಿದ್ದ. ಐದು ನಿಮಿಷದಲ್ಲಿ ಅವನು ಬಬಲೇಶ್ವರಕ್ಕೆ ಮಾತಾಡಿ ಮತ್ತೆ ಫೋನ್ ಮಾಡಿದ. ಅಣ್ಣತಮ್ಮಂದಿರು ಒಪ್ಪಿದ್ದರು; ಅವರೂ ಅಕ್ಕೋರ ಕೈಯಲ್ಲೇ ಗಣಿತ ಕಲಿತವರು. ನಾಳೆ ನಂಬರ್ ಹಾಕುವವನು ಅಮೋಘಸಿದ್ದನೇ. ಶರತ್ತು ಒಂದೇ: ಪಕ್ಕದಲ್ಲಿ ಅಕ್ಕೋರು ಕುಳಿತಿರಬೇಕು, ಅವನು ಹಾಕಿದ ಪ್ರತಿ ನಂಬರಿನ ಮೇಲೂ ಕೆಂಪು ಪೆನ್ನಿನ ರುಜು ಇರಬೇಕು.

ಹತ್ತು ವರ್ಷದ ಅನುಭವವಿದ್ದ ಅಮೋಘಸಿದ್ದ ಒಂಬತ್ತನೇ ಇಯತ್ತೆಯ ಹುಡುಗನಂತೆ ತಲೆಯಾಡಿಸಿದ. ಹೋಗಲಿ, ಮಾತು ಉಳಿಯಿತು ಎಂದು ಉಸಿರು ಬಿಡುತ್ತಿದ್ದಂತೆ ಮೊಬೈಲ್ ಟಿಂಗ್ ಎಂದಿತು. ಅರುಣಕುಮಾರ ನಾಳಿನ ತಿದ್ದುಪಡಿಯ ಚಿತ್ರ ಕಳಿಸಿದ್ದ. ಪುಟ ಮುದ್ರಣಕ್ಕೆ ಹೋಯಿತು ಎಂಬ ಒಕ್ಕಣೆ ಕೆಳಗಿತ್ತು.

‘ಕುರಿದಾರಿ ಆಟದ ತೀರ್ಪಿನಲ್ಲಿದ್ದ ಅಮೋಘ ಎಂಬುದು ವಿಮರ್ಶಕರ ಹೆಸರು. ವಿಮರ್ಶಕರು ಆಟಕ್ಕೆ ಬರೆದಿದ್ದ 35 ಅಂಕ ತಪ್ಪು, 41 ಸರಿ.’

ಎರಡು ವರ್ಷದಲ್ಲಿ ಅವನು ಯಾವ ಆಟಕ್ಕೂ ಅಷ್ಟು ಕೊಟ್ಟಿರಲಿಲ್ಲ. ಗುರುಗಳು ಮನೆಗೆ ಬಂದ ದಿನವೇ ಆರು ಅಂಕ ಏರಿತೆಂದು ಬೆಳಗಾದರೆ ತಿಕೋಟಾದಿಂದ ಬಬಲೇಶ್ವರದವರೆಗೆ ಎಲ್ಲರೂ ಆಡಿಕೊಳ್ಳುವುದು ನಿಶ್ಚಿತವಾಗಿತ್ತು. ಅವನು ಮೂರು ಸಲ ಫೋನ್ ಹಚ್ಚಿದ. ಅರುಣಕುಮಾರನ ಮೊಬೈಲ್ ಬಂದ್ ಆಗಿತ್ತು.

ಏನಾಯಿತೆಂದು ಯಲಗೂರಪ್ಪ ಕೇಳಿದ. ಮೂವತ್ತೈದು ಬರೆದು ಕಳಿಸಿದರೆ ನಲವತ್ತೊಂದು ಆಗಿ ಬಂದಿದೆ ಎಂದು ಅಮೋಘಸಿದ್ದ ಅಳುದನಿಯಲ್ಲಿ ಹೇಳಿದ.

ಮುದುಕ ಕನ್ಸೋಲಿನಿಂದ ಕಣ್ಣು ತೆಗೆಯದೆ ಒಂದು ಕ್ಷಣ ಲೆಕ್ಕ ಹಾಕಿದ.

“ದಾರ್ಯಾಗ ಆರು ಈದಾವ, ಅಷ್ಟ.”