ಅರ್ಧ ಮಂಡಿಗೆ ನಂಬರಿಲ್ಲ

ಆಸ್ಪತ್ರೆಯ ವಿಮೆ ಕೌಂಟರಿನ ಮುಂದೆ ನಾನು ನಿಂತೆನೆಂದರೆ ಏನಾದರೊಂದು ನಡೆದೇ ನಡೆಯುತ್ತದೆ. ದಿಲ್ಲಿಯ ಓಖ್ಲಾದಲ್ಲಿದ್ದ ಬಟ್ಟೆ ಫ್ಯಾಕ್ಟರಿಗೆ ಲಾರಿ ಓಡಿಸಿದವನು ನಾನು. ಚಳಿಗಾಲದ ಮಂಜಿನಲ್ಲಿ ಹೆಡ್‌ಲೈಟು ಕೆಟ್ಟಾಗ ರಸ್ತೆಯ ವಾಸನೆ ಹಿಡಿದೇ ಜೈಪುರ ಮುಟ್ಟಿಸಿದ್ದೇನೆ. ಎದುರಿಗೆ ಬಂದ ಲಾರಿಗಳು ತಾವಾಗಿ ಹಿಂದಕ್ಕೆ ಸರಿದು ದಾರಿ ಬಿಟ್ಟಿದ್ದವು. ಅಂಥ ನಾನು ಹೆಂಡತಿಯ ಒಂದು ಮಂಡಿಯನ್ನು ದಾಟಿಸಲಾರದೆ ಹೋದೆ.

ಕಂಪ್ಯೂಟರಿಗೆ ಗೊತ್ತಿಲ್ಲದ್ದು

ನಾವಿದ್ದದ್ದು ದಿಲ್ಲಿ ಪಕ್ಕದ ಇಂದಿರಾಪುರಂನಲ್ಲಿ, ಮಗಳ ಮನೆಯಲ್ಲಿ, ನಾಲ್ಕನೇ ಮಹಡಿ. ಲಿಫ್ಟು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಮಂಡಿ ಸವೆದ ಮೇಲೆ ನಮ್ಮವಳು ಕೆಳಗಿಳಿಯುವುದೇ ನಿಂತುಹೋಯಿತು. ತರಕಾರಿ ಭಯ್ಯಾನ ಜತೆ ಬಾಲ್ಕನಿಯಿಂದಲೇ ಜಗಳ. "ಬೀನ್ಸನ್ನ ಒಂದ್ಸಲ ಕೈಯಾರೆ ಮುರಿದು ನೋಡಿ ತಗೋಬೇಕು ರೀ. ಅಷ್ಟೇ ನನ್ನಾಸೆ" ಅನ್ನುತ್ತಿದ್ದಳು.

ಡಾಕ್ಟರು ಎಕ್ಸ್‌ರೇ ನೋಡಿ, "ಒಳಗಿನ ಭಾಗ ಮಾತ್ರ ಸವೆದಿದೆ. ಈಗ ಹೊಸ ಆಪರೇಷನ್ ಬಂದಿದೆ, ಅರ್ಧ ಬದಲಾಯಿಸಿದರೆ ಸಾಕು" ಅಂದರು. ಮಗಳ ಆಫೀಸಿನ ವಿಮೆಯಲ್ಲಿ ನಮ್ಮಿಬ್ಬರ ಹೆಸರೂ ಇತ್ತು. ಎದೆಯುಬ್ಬಿಸಿ ಕೌಂಟರಿಗೆ ಹೋದೆ.

"ಬಾಬೂಜಿ, ಒಂದೊಂದು ಆಪರೇಷನ್‌ಗೂ ಒಂದು ಕೋಡ್ ನಂಬರ್. ಅರ್ಧ ಮಂಡಿಗೆ ನಂಬರೇ ಇಲ್ಲ" ಅಂದ ಅಲ್ಲಿದ್ದವನು.

"ಪೂರ್ತಿ ಮಂಡಿಗೆ?"

"ಅದಕ್ಕಿದೆ."

"ಹಾಗಾದರೆ ಆ ನಂಬರನ್ನೇ ಅರ್ಧ ಮಾಡಿ ಒತ್ತಪ್ಪ."

ನನ್ನ ಕಾಟ ತಾಳದೆ ಒತ್ತಿದ. ಕಂಪ್ಯೂಟರು ಅದನ್ನು ಹೆರಿಗೆ ಎಂದು ತೋರಿಸಿ, ಮಂಜೂರು ಮಾಡಲೇ ಎಂದು ಕೇಳಿತು. ನಮ್ಮವಳಿಗೆ ಆಗ ಅರವತ್ತು ದಾಟಿತ್ತು.

ಹಾಗಾದರೆ ಪೂರ್ತಿ

ಪೂರ್ತಿಯನ್ನೇ ಬದಲಾಯಿಸಲಿ ಎಂದು ವಿಮೆಯವರಿಗೆ ಫೋನು ಮಾಡಿದೆ.

"ಅರ್ಧ ಚೆನ್ನಾಗಿದೆ ಅಂತ ಡಾಕ್ಟರೇ ಬರೆದಿದ್ದಾರೆ. ಚೆನ್ನಾಗಿರೋದನ್ನ ತೆಗೆಸೋಕೆ ನಾವು ಕೊಡಲ್ಲ."

"ಸರಿ, ಕೆಟ್ಟಿರೋ ಅರ್ಧಕ್ಕೆ ಕೊಡಿ."

"ಅದು ಹೊಸ ಆಪರೇಷನ್ನು. ಹೊಸದಕ್ಕೆ ಕೊಡಲ್ಲ."

"ಹೊಸದು ಹಳೆಯದಾಗೋದು ಯಾವಾಗ?"

"ಬಹಳ ಜನ ಮಾಡಿಸ್ಕೊಂಡ ಮೇಲೆ."

"ನೀವು ಕೊಡದೆ ಬಹಳ ಜನ ಮಾಡಿಸ್ಕೊಳ್ಳೋದು ಹೇಗೆ?"

"ಒಳ್ಳೇ ಪ್ರಶ್ನೆ ಸರ್" ಅಂದವನೇ ಫೋನಿನಲ್ಲಿ ಹಾಡು ಹಾಕಿ ಹೋದ. ಇನ್ನೂ ಬಂದಿಲ್ಲ.

ಕಾಫಿ ಕುಡಿದ ಪರೀಕ್ಷಕ

ಮತ್ತೆ ಅರ್ಜಿ ಹಾಕಿದೆವು. ನೋವು ನಿಜವೋ ಸುಳ್ಳೋ ನೋಡಲು ವಿಮೆಯವರು ಒಬ್ಬನನ್ನು ಮನೆಗೇ ಕಳಿಸಿದರು. ಲಿಫ್ಟು ನಿಂತಿತ್ತು. ಏದುಸಿರು ಬಿಡುತ್ತ ಬಂದು ಕೂತ. ನಮ್ಮವಳು ಗೋಡೆ ಹಿಡಿದು ಅಡುಗೆಮನೆಗೆ ಹೊರಟಳು.

"ಕೂತ್ಕೊಳ್ಳೇ, ಅವನು ನಿನ್ನ ನೋವು ನೋಡೋಕೆ ಬಂದಿರೋದು" ಅಂತ ಪಿಸುಗುಟ್ಟಿದೆ.

"ಮೊದಲ ಸಲ ಬಂದವರನ್ನ ಬಾಯೊಣಗಿಸಿ ಕಳಿಸ್ತಾರೇನ್ರೀ?"

ಹಲ್ಲು ಕಚ್ಚಿಕೊಂಡು ಡಿಕಾಕ್ಷನ್ ಇಳಿಸಿ ತಂದುಕೊಟ್ಟಳು. ಅವನು ಇನ್ನೊಂದು ಲೋಟ ಕೇಳಿ ಕುಡಿದ. ಆಮೇಲೆ ಬಂದ ವರದಿಯನ್ನು ಮಗಳು ಓದಿ ಹೇಳಿದಳು: ರೋಗಿ ಸ್ವತಃ ನಡೆದು ಕಾಫಿ ತಂದರು, ಕಾಫಿ ಚೆನ್ನಾಗಿತ್ತು, ಆಪರೇಷನ್ ಅಗತ್ಯ ಕಾಣುವುದಿಲ್ಲ.

"ನೋವು ನಂಬದಿದ್ರೂ ಕಾಫಿ ನಂಬಿದನಲ್ಲ" ಅಂದಳು ನಮ್ಮವಳು.

ಮುಬಾರಕ್

ಅರ್ಜಿ, ತಕರಾರು, ಮತ್ತೆ ಅರ್ಜಿ. ಅಷ್ಟರಲ್ಲಿ ಅವಳು ಹಾಸಿಗೆಯಿಂದ ಏಳುವುದೂ ಕಷ್ಟವಾಯಿತು. ಇನ್ನೊಂದು ಎಕ್ಸ್‌ರೇ ತೆಗೆಸಿದೆವು. ಮಿಕ್ಕ ಅರ್ಧವೂ ಹೋಗಿತ್ತು.

ಗಾಲಿಕುರ್ಚಿ ತಳ್ಳಿಕೊಂಡು ಅದೇ ಕೌಂಟರಿಗೆ ಹೋದೆ. ಅವನು ಕಾಗದ ನೋಡಿದ, ಒತ್ತಿದ, ಮುಖ ಅರಳಿತು.

"ಮುಬಾರಕ್ ಹೋ ಬಾಬೂಜಿ. ಪೂರ್ತಿ ಹಾಳಾಗಿದೆ. ಇದಕ್ಕೆ ನಂಬರ್ ಇದೆ."

ನಾನು ಗಾಲಿಕುರ್ಚಿಯ ಹಿಡಿ ಹಿಡಿದು ನಿಂತೇ ಇದ್ದೆ. ಕುರ್ಚಿಯಲ್ಲಿದ್ದವಳು ತಿರುಗಿ ನನ್ನ ಮುಖ ನೋಡಿದಳು.

"ಯಾಕ್ರೀ ಹಾಗ್ ನಿಂತಿದೀರಾ? ನೀವು ಇಡೀ ದಿಲ್ಲಿ ಓಡಾಡಿದ್ರೂ ಆಗದ ಕೆಲಸವನ್ನ ನಾನು ಕೂತಲ್ಲೇ ಸವೆಸಿ ಮುಗಿಸಿದೀನಿ."