ಎರಡು ಕುತ್ತಿಗೆ, ಮೂರು ಕಾಲು

ಮೊದಲು ಸಂಗತಿಗಳು. ನನ್ನ ಬಳಿ ಹಳೆಯ ಸ್ಟೀಲ್ ಗಿಟಾರ್ ಒಂದಿದೆ. ಅದಕ್ಕೆ ಎರಡು ಕುತ್ತಿಗೆಗಳು. ಒಂದೊಂದಕ್ಕೂ ಎಂಟು ತಂತಿಗಳು. ಅದನ್ನು ಮೇಜಿನಂತೆ, ತಿರುಪಿನಿಂದ ಕೂರಿಸುವ ನಾಲ್ಕು ಟೊಳ್ಳು ಕಾಲುಗಳ ಮೇಲೆ ನಿಲ್ಲಿಸಿ, ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸಿ ನುಡಿಸಬೇಕು. ಕೊಂಡಾಗ ಇದ್ದ ಕಾಲುಗಳು ಮೂರು. ನಾನು ಸ್ನಾತಕೋತ್ತರ ಪದವೀಧರ, ನಿರುದ್ಯೋಗಿ. ಈ ವಾದ್ಯವನ್ನು ಎಲ್ಲಿ ಇಳಿಸಿದರೂ ಜನರಿಗೆ ಏನಾದರೂ ಹೇಳಲೇಬೇಕೆನಿಸುತ್ತದೆ. ನನಗೆ ನಗು ಬರಲಿಲ್ಲ, ಕೇಳಿದವರಿಗೆಲ್ಲ ಬಂದಿದೆ.

ಬಸ್ಸಿನಲ್ಲಿ

ದೋಣಿಮಲೈ ಗಣಿಯ ನಿವೃತ್ತ ಫೋರ್‌ಮನ್ ಒಬ್ಬರು ಗಿಟಾರನ್ನು ಗೋಡೆಗೆ ಆನಿಸಿ, ಮೇಲೊಂದು ಹಲಗೆ ಹಾಕಿ ಟಿ.ವಿ. ಇಟ್ಟಿದ್ದರು. ಹಲಗೆ ಸರಿಸಿ ತಂತಿ ಮೀಟಿದೆ. ಧೂಳಿನೊಳಗಿಂದ ಎದ್ದ ಆ ನಾದ ಕೇಳಿ ಅಲ್ಲೇ ಹಣ ಎಣಿಸಿ ಕೊಟ್ಟೆ. "ನಾಕನೇ ಕಾಲು ಎಲ್ಲಿ ಹೋತೋ, ನೆನಪಾದ್ರ ಫೋನ್ ಮಾಡ್ತೀನಿ ತಮ್ಮಾ" ಎಂದರು.

ಹೊಸಪೇಟೆ ಬಸ್ಸಿಗೆ ಹತ್ತಿಸಿದೆ.

"ಏನ್ರಿ ಇದು, ಹೊಲಿಗಿ ಮಷೀನಾ?" ಎಂದರು ಕಂಡಕ್ಟರ್.

"ಗಿಟಾರ್."

"ಗಿಟಾರಿಗೆ ಕಾಲು ಇರ್ತಾವೇನ್ರಿ?"

"ನಾಲ್ಕು ಇರಬೇಕು. ಮೂರು ಇವೆ."

"ಮೂರರ ಮ್ಯಾಲೆ ಓಡೋದು ಆಟೋರಿ. ಅದನ್ನ ಬಸ್ಸಿನ್ಯಾಗ ಯಾಕ ಹಾಕ್ಕೊಂಡು ಬಂದ್ರಿ?"

ವೆಲ್ಡಿಂಗ್ ಅಂಗಡಿಯಲ್ಲಿ

ಹೊಸಪೇಟೆಯಲ್ಲಿ ಹೊಸ ಕಾಲು ಮಾಡಿಸಲು ಹೋದೆ. ಹಳೆಯ ವಿದೇಶಿ ತಿರುಪು. ಇಲ್ಲಿಯ ಯಾವುದೂ ಹೊಂದಲಿಲ್ಲ. ವೆಲ್ಡರ್ ಗಿಟಾರನ್ನು ಸುತ್ತು ಹಾಕಿ ನೋಡಿದ.

"ಸರ, ನೀವು ಒಮ್ಮೆಗೆ ಎರಡೂ ಬಾರಿಸ್ತೀರೇನು?"

"ಇಲ್ಲ. ಒಂದಾದ ಮೇಲೆ ಒಂದು."

"ಮತ್ತ ಅಷ್ಟಕ್ಕ ಯಾಕ ತಲಿ ಕೆಡಿಸ್ಕೊಂತೀರಿ? ಒಂದು ಕುತಿಗಿ ಕೊಯ್ದು ಕಾಲು ಮಾಡಿ ಕೊಡ್ತೀನಿ, ನಿಲ್ರಿ."

ನಾನು ನಿಲ್ಲಲಿಲ್ಲ.

ಇಟ್ಟಿಗೆಯ ಮೇಲೆ

ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನ ಹಾಲ್‌ನಲ್ಲಿ ಭಾನುವಾರ ಸಂಜೆ ನುಡಿಸುವ ಅವಕಾಶ ಬಂತು. ಜನರೆದುರು ಅದೇ ಮೊದಲು. ಆಯೋಜಿಸಿದ ಹಿರಿಯರಿಗೆ ಮುಂಚಿತವಾಗಿ ಕೇಳಿಸಬೇಕಿತ್ತು. ನಾಲ್ಕನೇ ಮೂಲೆಗೆ ಇಟ್ಟಿಗೆಗಳನ್ನು ಪೇರಿಸಿದೆ. ನಡುವೆ ಅವು ಸರಿದವು, ಗಿಟಾರ್ ವಾಲಿತು, ಉಕ್ಕಿನ ತುಂಡು ನನ್ನ ಕೈ ತಪ್ಪಿ ಅಷ್ಟೂ ತಂತಿಗಳ ಮೇಲೆ ಕಿರುಚುತ್ತ ಜಾರಿ ನೆಲಕ್ಕೆ ಬಿತ್ತು.

ಹಿರಿಯರು ಕಣ್ಣು ತೆರೆದರು. "ಮೊದಲಿಂದು ಅಷ್ಟಕ್ಕಷ್ಟ ಇತ್ತು. ಕಡೀಕ ಒಂದು ಎಳದ್ರಿ ನೋಡ್ರಿ, ಅದು ಮಸ್ತ್! ಭಾನುವಾರ ಅದನ್ನ ಬಾರಿಸ್ರಿ. ಆದ್ರ ಕಾಲು ಇಲ್ಲದ ಬರಬ್ಯಾಡ್ರಿ. ಬಂದ್ರ ನಿಮ್ಮ ಬದಲಿ ತಬಲಾದಾಂವಗ ಹೇಳಿಬಿಡ್ತೀನಿ."

ಎಮ್ಮಿಗನೂರಿನಲ್ಲಿ

ಶನಿವಾರ ಫೋರ್‌ಮನ್ ಫೋನ್ ಮಾಡಿದರು. ಅವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಅಜ್ಜಿ ಆ ಕಾಲನ್ನು ಊರಿಗೆ ಒಯ್ದಿದ್ದಳಂತೆ. ಕಂಪ್ಲಿ ದಾಟಿ ಎಮ್ಮಿಗನೂರಿಗೆ ಓಡಿದೆ. ಅಜ್ಜಿ ಒಲೆಯ ಮುಂದೆ ಕುಳಿತಿದ್ದಳು. ಕೈಯಲ್ಲಿ ಊದುಗೊಳವೆ. ಅದರ ತುದಿಯಲ್ಲಿ, ಮಸಿಯ ನಡುವೆ, ನನ್ನ ತಿರುಪು ಮಿನುಗುತ್ತಿತ್ತು! ನನಗೆ ಕುಣಿಯಬೇಕೆನಿಸಿತು.

ಕಂಪ್ಲಿಯಿಂದ ಹೊಸ ಊದುಗೊಳವೆ ತಂದುಕೊಟ್ಟೆ. ಅಜ್ಜಿ ಒಮ್ಮೆ ಊದಿ ಹಿಂದಕ್ಕೆ ಕೊಟ್ಟಳು. "ಇದರಾಗ ದಮ್ಮಿಲ್ಲ. ನಂದರಾಗ ಒಂದ ಊದಿಗೆ ಒಲಿ ಹತ್ತತೈತಿ."

"ಒಂದು ಸಂಜೆಗಾದ್ರೂ ಕೊಡಬೇ ಅಜ್ಜಿ."

"ನಿನ್ನ ಕೈಯಾಗ ಕೊಡಂಗಿಲ್ಲ. ನಾನ ತರ್ತೀನಿ."

ಭಾನುವಾರ ತಂದಳು. ಕಾಲನ್ನು ತಿರುಗಿಸಿ ಕೂರಿಸಿದೆ, ಗಿಟಾರ್ ಅಲುಗದೆ ನಿಂತಿತು. ಒಂದು ಕುತ್ತಿಗೆಯಿಂದ ಇನ್ನೊಂದಕ್ಕೆ ಕೈ ಹಾರಿದಾಗ ಸ್ವರ ಎಲ್ಲಿಯೂ ತುಂಡಾಗಲಿಲ್ಲ. ಹಾಲ್ ಉಸಿರು ಹಿಡಿದು ಕೇಳಿತು. ನಾನು ಓದಿ ಪಡೆದ ಯಾವ ಅಂಕಪಟ್ಟಿಯೂ ಕೊಡದ ಸಂತೋಷ ಅದು. ಎಲ್ಲರೂ ಎದ್ದು "ಒನ್ಸ್ ಮೋರ್" ಎಂದರು.

ಅಜ್ಜಿಯೂ ಎದ್ದಳು. ವೇದಿಕೆ ಹತ್ತಿದಳು, ಕುಕ್ಕರಗಾಲಲ್ಲಿ ಕುಳಿತು ಕಾಲು ಬಿಚ್ಚತೊಡಗಿದಳು.

"ಅಜ್ಜೀ, ಇನ್ನೊಂದು!"

"ಕಡೀ ಬಸ್ಸು ಹೋಗ್ತೈತಿ. ಮುಂಜಾನಿ ಚಾಕ್ಕ ಒಲಿ ನೀ ಊದ್ತೀಯೇನು?"

ವಾಲಿದ ಗಿಟಾರನ್ನು ನಾನು ಎರಡೂ ಕೈಗಳಿಂದ ಹಿಡಿದು ನಿಂತೆ. ಅಜ್ಜಿ ಕಾಲನ್ನು ಸೆರಗಿನಲ್ಲಿ ಒರೆಸಿ, ಮೊದಲ ಬಾರಿಗೆ ನನ್ನತ್ತ ಪ್ರೀತಿಯಿಂದ ನೋಡಿದಳು.

"ಭಾಳ ಚಂದ ಬಾರಿಸ್ತೀಯಪ್ಪಾ. ಉಳಿದ ಮೂರೂ ಯಾವಾಗ ಕೊಡ್ತೀ? ನನಗ ಮೂರು ಮಂದಿ ಸೊಸ್ತೇರದಾರ."

ಆದ್ದರಿಂದ ಓದುಗರಲ್ಲಿ ವಿನಂತಿ: ಇದನ್ನು ದಯವಿಟ್ಟು ನಾಲ್ಕು ಜನರಿಗೆ ದಾಟಿಸಿ. ಯಾರದೋ ಅಡುಗೆಮನೆಯಲ್ಲಿ, ತುದಿಗೆ ತಿರುಪಿರುವ ಊದುಗೊಳವೆ ಇನ್ನೊಂದು ಇರಲೇಬೇಕು. ಸೊಸೆಯರು ಉಳಿದ ಮೂರು ಕಾಲು ಕೇಳುತ್ತ ನನ್ನ ಮನೆ ಹುಡುಕಿಕೊಂಡು ಬರುವುದರೊಳಗೆ ಅದು ಸಿಕ್ಕು, ಗಿಟಾರ್ ನಾಲ್ಕೂ ಕಾಲಿನ ಮೇಲೆ ನಿಂತಿರಬೇಕು.