ಹಿತ್ತಲ ಉತ್ತರಾಣಿ ಮತ್ತು ವರನ ಪ್ಯಾಂಟು

ಹಿತ್ತಲಲ್ಲಿ ಉತ್ತರಾಣಿ ಬೆಳೆಸಬೇಕೆಂದು ತೀರ್ಮಾನಿಸಿದಾಗ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ಸಂಶಯ ಇದ್ದದ್ದು ನನ್ನ ಹೆಂಡತಿ ಮಹಾದೇವಿಗೆ.

"ಮಂದಿ ಹೊಲದಾಗ ಕಿತ್ತಿ ಒಗೀತಾರ. ನೀವು ತಂದು ನೀರ್ ಹಾಕಾಕತ್ತೀರಿ!"

"ಇದು ಕಸ ಅಲ್ಲ, ವನಸ್ಪತಿ," ಎಂದೆ, ತರಗತಿಯಲ್ಲಿ ಪಾಠ ಹೇಳುವ ಧಾಟಿಯಲ್ಲಿ. ನನ್ನ ಅವ್ವ ಇದರ ಕಡ್ಡಿಯಿಂದಲೇ ಹಲ್ಲು ಉಜ್ಜುತ್ತಿದ್ದಳು. ಶಹಾಪುರದ ಬಿಸಿಲಲ್ಲೂ ಗಿಡಗಳು ನನ್ನ ಸೊಂಟದೆತ್ತರ ಬೆಳೆದವು. ಉದ್ದನೆಯ ಕದಿರಿನಂಥ ಹೂಗೊಂಚಲು ಬಿಟ್ಟವು. ಹೂ ಒಣಗಿ ಮುಳ್ಳುಬೀಜವಾದವು. ಆ ಬೀಜ ಸೋಕಿದ ಬಟ್ಟೆಯನ್ನು ಬಿಡುವುದಿಲ್ಲ ಎಂಬ ವಿಷಯ ನನಗೂ ಗೊತ್ತಿತ್ತು. ಬೇಕಾದ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೆ.

ಆ ದಿನಗಳಲ್ಲೇ, ನಮ್ಮಲ್ಲಿದ್ದು ಬಿ.ಎಡ್. ಓದುತ್ತಿದ್ದ ಅಣ್ಣನ ಮಗಳು ಶಶಿಕಲಾಳನ್ನು ನೋಡಲು ಸುರಪುರದಿಂದ ವರ ಬಂದ. ಜೊತೆಗೆ ಅವನ ತಾಯಿ, ಸೋದರಮಾವ. ಮಂಡಕ್ಕಿಯ ಸೂಸಲಾ, ಮಿರ್ಚಿ ಭಜಿ ಇನ್ನೂ ಒಲೆಯ ಮೇಲಿದ್ದವು. ಸುಮ್ಮನೆ ಕೂರುವ ವಿದ್ಯೆ ನನಗೆ ಒಲಿದಿಲ್ಲ.

"ಬರ್ರಿ, ನಮ್ಮ ಔಷಧಿವನ ನೋಡ್ರಿ!"

ಮೂವರನ್ನೂ ಗಿಡಗಳ ನಡುವೆ ನಿಲ್ಲಿಸಿ ಉತ್ತರಾಣಿಯ ಗುಣಗಾನ ಮಾಡಿದೆ. ಒಳಗೆ ಬಂದು ಚಾಪೆಯ ಮೇಲೆ ಕುಳಿತ ಮಾವ, ಕುಳಿತಷ್ಟೇ ವೇಗದಲ್ಲಿ ಎದ್ದರು! ಅವರ ಧೋತರ, ತಾಯಿಯ ರೇಷ್ಮೆ ಸೀರೆ, ವರನ ಹೊಸ ಪ್ಯಾಂಟು, ಎಲ್ಲಕ್ಕೂ ಬೀಜಗಳ ಕಸೂತಿ!

"ಇರ್ರಿ, ತಗೀತೀನಿ," ಎಂದು ಗಾಬರಿಯಲ್ಲಿ ಸೀರೆಯ ಅಂಚಿಗೇ ಕೈ ಚಾಚಿದೆ. ಮಹಾದೇವಿ ಕೆಮ್ಮಿದಳು. ಕೈ ತಾನಾಗಿಯೇ ಹಿಂದೆ ಬಂತು.

ಶಶಿಕಲಾ ಬಂದು ತಾನೇ ಕೆಳಗೆ ಕುಳಿತು ಆ ಸೀರೆಯಿಂದ ಒಂದೊಂದೇ ಬೀಜ ಬಿಡಿಸತೊಡಗಿದಳು. ವರನ ತಾಯಿ ನಕ್ಕರು. "ಇರಲಿ ಬಿಡವ್ವಾ, ಹೊಲಕ್ಕ ಹೋಗೋರಿಗೆ ಇದೇನ್ ಹೊಸಾದಾ?"

"ನಗಬ್ಯಾಡ, ಸುಮ್ನಿರು!" ವರ ತಾಯಿಯ ಮೇಲೆ ಹರಿಹಾಯ್ದ. "ಹಿತ್ತಲಕ್ಕ ಬರ್ರಿ ಅಂದ್ರ ಹೋಗಿಬಿಡೋದಾ? ಬುದ್ಧಿ ಅನ್ನೋದೇ ಇಲ್ಲ ನಿನಗ!"

ತಾಯಿಯ ನಗು ಅಲ್ಲೇ ನಿಂತಿತು. ಅವರು ಸೆರಗು ಸರಿಮಾಡಿಕೊಂಡರು. ಶಶಿಕಲಾ ತಲೆ ಎತ್ತದೆ ಉಳಿದ ಬೀಜಗಳನ್ನೂ ತೆಗೆದಳು. ಭಜಿ ತಣ್ಣಗಾಯಿತು.

ಸಂಬಂಧ ಮುರಿಯಿತು, ಮುರಿದವನು ನಾನೇ ಎಂದುಕೊಂಡು ಅನ್ನ ಸೇರದೆ ಕೂತಿದ್ದೆ. ಆದರೆ ಸುರಪುರದಿಂದ ಫೋನು ಬಂತು: ಹುಡುಗಿ ಒಪ್ಪಿಗೆ! ಕುಣಿಯುವುದೊಂದೇ ಬಾಕಿ.

"ನನಗ ಬ್ಯಾಡ ಕಾಕಾ," ಎಂದಳು ಶಶಿಕಲಾ.

"ಯಾಕವ್ವಾ?"

"ಹಡದಾಕಿಗೇ ಮಂದಿ ಮುಂದ ಹಿಂಗ ಅಂದವ, ನಾಳಿ ಬಾಗಲಾ ಹಾಕ್ಕೊಂಡು ನನಗ ಏನ್ ಅಂದಾನ?"

ವರನ ನೌಕರಿ, ಹೊಲ, ಮನೆ ಎಲ್ಲ ವಿಚಾರಿಸಿದ್ದೆ. ತಾಯಿಯ ಜೊತೆ ಹೇಗೆ ಮಾತಾಡುತ್ತಾನೆ ಎಂದು ಕೇಳಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ಅಣ್ಣನಿಗೆ ಫೋನು ಮಾಡಿ ಬೇಡವೆಂದು ಹೇಳಿದೆ.

ಆಮೇಲೆ ಮೆಲ್ಲಗೆ ನನ್ನ ಎದೆ ಉಬ್ಬಿತು. "ನೋಡಿದಿ? ನಾ ಹಿತ್ತಲಕ್ಕ ಕರಕೊಂಡು ಹೋಗಿದ್ದಕ್ಕ..." ಎಂದು ಮಹಾದೇವಿಯ ಮುಂದೆ ಶುರುಮಾಡಿದೆ.

"ಮುಂದ ಯಾರರ ನೋಡಾಕ ಬಂದ್ರ, ನೀವು ಚಹಾ ಕುಡದು ಸುಮ್ಮ ಕುಂದರಬೇಕು," ಎಂದಳು ಮಹಾದೇವಿ.

ಗಿಡ ಕೀಳಿರಿ ಎಂದು ಆಕೆ ಹೇಳಲಿಲ್ಲ. ಕಿತ್ತದ್ದು ನನ್ನ ಮಾತನ್ನು ಮಾತ್ರ!